ಮಲೆನಾಡಿನಲ್ಲಿ ಗಾಡಿ ಕಾಟ ಇಲ್ಲದ ಸೈಕಲ್ ದಾರಿ ಯಾವುದು?

"ಮಲೆನಾಡಿಗೆ ಬರ್ತಿದ್ದೀವಿ, ಸೈಕಲ್ ತರ್ತೀವಿ. ಗಾಡಿ ಕಾಟ ಇಲ್ಲದ ಒಂದು ಒಳ್ಳೆ ರೂಟ್ ಹೇಳಿ." ಮಳೆ ಬಿಟ್ಟಿತು ಅಂದರೆ ಈ ಮೆಸೇಜುಗಳು ಶುರು. ಕೇಳುವವರು ಹೆಚ್ಚಾಗಿ ಬೆಂಗಳೂರು, ಮೈಸೂರಿನವರು. ನಂದಿ ಬೆಟ್ಟ ಹತ್ತಿ ಕಾಲು ಗಟ್ಟಿ ಮಾಡಿಕೊಂಡವರು. ಆಗುಂಬೆ, ಚಾರ್ಮಾಡಿ, ಕುದುರೆಮುಖ ಅಂತ ಹೆಸರುಗಳನ್ನೂ ಅವರೇ ಹೇಳಿಬಿಡುತ್ತಾರೆ. ನಾನು ಹೂಂ ಅನ್ನುವುದೊಂದು ಬಾಕಿ.

ನಾನು ಹೂಂ ಅನ್ನುವುದಿಲ್ಲ. ಆ ರಸ್ತೆಗಳು ಚೆನ್ನಾಗಿಲ್ಲ ಅಂತಲ್ಲ. ಅವೆಲ್ಲ ಘಟ್ಟ ಇಳಿಯುವ ರಸ್ತೆಗಳು. ಬಯಲುಸೀಮೆಯ ಸರಕು, ಕರಾವಳಿಯ ಮೀನು, ಧರ್ಮಸ್ಥಳಕ್ಕೆ ಹೊರಟ ಕಾರು, ಮಣಿಪಾಲದ ಆಸ್ಪತ್ರೆಗೆ ಹೊರಟ ಆಂಬುಲೆನ್ಸು, ಎಲ್ಲವೂ ಅಲ್ಲೇ ಇಳಿಯಬೇಕು, ಅಲ್ಲೇ ಹತ್ತಬೇಕು. ಪಶ್ಚಿಮ ಘಟ್ಟ ದಾಟಲು ಇರುವುದೇ ಬೆರಳೆಣಿಕೆಯ ದಾರಿ. ಶಿರಾಡಿಯಂತೂ ಬಿಡಿ, ಅದು ಮಂಗಳೂರು ಬಂದರಿನ ಟ್ಯಾಂಕರು, ಲಾರಿಗಳ ದಾರಿ. ಶಿರಾಡಿಯಲ್ಲಿ ಗುಡ್ಡ ಕುಸಿದರೆ ಆ ಗಾಡಿಗಳಲ್ಲಿ ಒಂದಷ್ಟು ಚಾರ್ಮಾಡಿಗೆ ತಿರುಗುತ್ತವೆ. ಆಗುಂಬೆಯಲ್ಲಿ ಭಾರಿ ಗಾಡಿಗೆ ನಿರ್ಬಂಧ ಇದೆ ನಿಜ. ಆದರೆ ಆ 14 ತಿರುವುಗಳಲ್ಲಿ ಬಸ್ಸು ತಿರುಗಿಸಿಕೊಳ್ಳುವುದಕ್ಕೆ ರಸ್ತೆಯ ಪೂರ್ತಿ ಅಗಲ ಬೇಕು. ಹತ್ತುವ ಸೈಕಲ್ಲಿನವನು ಆಗ ಎಲ್ಲಿಗೆ ಹೋಗಬೇಕು? ಚರಂಡಿಗೆ.

ನನ್ನ ಲೆಕ್ಕ ಇಷ್ಟೇ. ನಮ್ಮ ಕಡೆ ಗಾಡಿಗಳು ಪೂರ್ವ–ಪಶ್ಚಿಮ ಓಡುತ್ತವೆ, ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ. ನೀವು ದಕ್ಷಿಣ–ಉತ್ತರ ಹೋಗಿ. ಘಟ್ಟ ಇಳಿಯಬೇಡಿ, ಘಟ್ಟದ ಮೇಲೇ ಇರಿ. ಒಂದು ಸಣ್ಣ ಪೇಟೆಯಿಂದ ಇನ್ನೊಂದು ಸಣ್ಣ ಪೇಟೆಗೆ, ಕಾಫಿ ತೋಟ, ಅಡಿಕೆ ತೋಟ, ಗದ್ದೆ ಬಯಲು ದಾಟಿಕೊಂಡು ಹೋಗುವ ರಸ್ತೆ ಹಿಡಿಯಿರಿ. ಯಾರಿಗೂ ಒಳದಾರಿ ಆಗದ ರಸ್ತೆ ಅದು. ಊರಿನವರು ಬಿಟ್ಟರೆ ಬೇರೆಯವರಿಗೆ ಅಲ್ಲಿ ಕೆಲಸವಿಲ್ಲ.

ಇದರಲ್ಲೂ ಒಂದು ತೊಡಕಿದೆ: ದೇವಸ್ಥಾನ. ಕೊಟ್ಟಿಗೆಹಾರದಿಂದ ಬಾಳೂರು, ಹಿರೇಬೈಲು ಮೇಲೆ ಕಳಸಕ್ಕೆ ಹೋಗುವ ಮೂವತ್ತು ಚಿಲ್ಲರೆ ಕಿಲೋಮೀಟರ್ ಇದೆಯಲ್ಲ, ನನ್ನ ಮಟ್ಟಿಗೆ ಚಿಕ್ಕಮಗಳೂರು ಜಿಲ್ಲೆಯಲ್ಲೇ ಚೆಂದದ ರಸ್ತೆ. ಹೇಮಾವತಿ ಹುಟ್ಟುವ ಜಾವಳಿ ಅದೇ ದಿಕ್ಕಿನಲ್ಲಿ. ಕೆಳಗೂರಿನ ಟೀ ತೋಟವೂ ಆ ಕಡೆಯೇ. ಆದರೆ ಬೆಂಗಳೂರಿನಿಂದ ಹೊರನಾಡಿಗೆ ಬರುವವರೂ ಅದನ್ನೇ ಹಿಡಿಯುತ್ತಾರೆ. ಶನಿವಾರ ಬೆಳಿಗ್ಗೆ ಅಲ್ಲಿ ಸೈಕಲ್ ಹೊಡೆದರೆ ಟೆಂಪೋ ಟ್ರಾವೆಲರುಗಳ ಹೊಗೆ ಕುಡಿಯುತ್ತಾ ಹೋಗಬೇಕು. ಅದೇ ರಸ್ತೆ ಮಂಗಳವಾರ ನೋಡಿ, ಅರ್ಧ ಗಂಟೆಗೊಂದು ಜೀಪು ಸಿಕ್ಕರೆ ಜಾಸ್ತಿ. ಹಾಗಾಗಿ ರೂಟ್ ಕೇಳುವವರಿಗೆ ನಾನು ಮೊದಲು ಕೇಳುವುದು ವಾರ ಯಾವುದು ಅಂತ. ರಜೆ ಹಾಕೋಕೆ ಆಗಲ್ಲ ಅಂದರೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದುಕೊಂಡು ವಾಪಸ್ ಹೋಗಿ, ಅದಕ್ಕೇನೂ ಮೋಸ ಇಲ್ಲ.

ಹಾಗಾದರೆ ಯಾವ ದಾರಿ? ಕೊಪ್ಪ ತಾಲ್ಲೂಕಿನ ಜಯಪುರದಿಂದ ಬಸರೀಕಟ್ಟೆ, ಅಲ್ಲಿಂದ ಬಾಳೆಹೊಳೆ, ಆಮೇಲೆ ಭದ್ರೆಯ ಜೊತೆಗೇ ಮಾಗುಂಡಿ, ಬಾಳೆಹೊನ್ನೂರು, ತಿರುಗಿ ಜಯಪುರ. ಒಂದು ಹಗಲಿನಲ್ಲಿ ನಿಧಾನವಾಗಿ ಮುಗಿಯುವ ಸುತ್ತು. ಶೃಂಗೇರಿ–ಹೊರನಾಡಿನವರು ಕೆಲವರು ಬಸರೀಕಟ್ಟೆ ಮೇಲೆ ಬರುತ್ತಾರೆ, ಅಷ್ಟೇನೂ ತೊಂದರೆ ಇಲ್ಲ. ನದಿ ಜೊತೆ ಇಳಿಯುವುದು ತಾನೆ, ಸಲೀಸು ಅಂದುಕೊಳ್ಳಬೇಡಿ. ಭದ್ರೆಗೆ ಎರಡೂ ಕಡೆಯಿಂದ ಹಳ್ಳಗಳು ಬಂದು ಸೇರುತ್ತವೆ. ಪ್ರತಿ ಹಳ್ಳಕ್ಕೂ ರಸ್ತೆ ಒಂದು ಸಲ ಒಳಕ್ಕೆ ತಿರುಗಿ ಇಳಿಯುತ್ತದೆ, ತಳದಲ್ಲಿ ಒಂದು ಮೋರಿ, ಮೋರಿ ದಾಟಿದ ಕೂಡಲೇ ಚೂಪಾದ ಏರು. ಇಳಿಯುವಾಗಿನ ದೊಡ್ಡ ಗೇರಿನಲ್ಲೇ ಮೋರಿ ದಾಟಿದಿರೋ, ಏರಿನ ಮಧ್ಯೆ ಗೇರ್ ಬದಲಿಸಲು ಹೋಗಿ ಚೈನು ಕರಕರ ಅಂದು ನಿಲ್ಲುತ್ತದೆ. ಮೋರಿಯ ಕಟ್ಟೆ ಕಾಣುತ್ತಿದ್ದ ಹಾಗೆ ಗೇರ್ ಇಳಿಸಿಬಿಡಿ. ಹೀಗೆ ಚೂರುಚೂರೇ ಹತ್ತಿ 60 ಕಿ.ಮೀ.ಗೆ ಸಾವಿರ ಮೀಟರ್ ಏರು ಸೇರುವುದು ನಮ್ಮಲ್ಲಿ ಮಾಮೂಲು. ಏರಿಗೆ ಹಗುರಾಗುವಂತೆ ಹಿಂದಿನ ಗಾಲಿಗೆ 34 ಹಲ್ಲಿನದ್ದೊಂದು ಗೇರ್ ಇದ್ದರೆ ಮಂಡಿ ಉಳಿಯುತ್ತದೆ. ಟೈರು 32 ಮಿ.ಮೀ. ಇರಲಿ, ತೀರಾ ಸಪೂರದ್ದು ಬೇಡ.

ಇನ್ನೂ ಒಳಗೆ ಹೋಗಬೇಕು ಅನ್ನುವವರು ರಸ್ತೆ ಬದಿಯ ಬೋರ್ಡು ಓದಿ. 'ಪ್ರಧಾನಮಂತ್ರಿ ಗ್ರಾಮ ಸಡಕ್', 'ನಮ್ಮ ಗ್ರಾಮ ನಮ್ಮ ರಸ್ತೆ' ಅಂತ ಬರೆದ ಬೋರ್ಡುಗಳಿರುತ್ತವೆ. ಎಲ್ಲಿಂದ ಎಲ್ಲಿಗೆ, ಎಷ್ಟು ಕಿ.ಮೀ. ಅನ್ನುವುದೂ ಅದರಲ್ಲೇ ಇರುತ್ತದೆ. ಗೂಗಲ್ ಮ್ಯಾಪಿಗಿಂತ ನನಗೆ ಅದರ ಮೇಲೇ ನಂಬಿಕೆ. ಮ್ಯಾಪಿಗೆ ಸರ್ಕಾರಿ ರಸ್ತೆಗೂ ಎಸ್ಟೇಟಿನೊಳಗಿನ ಜೀಪು ದಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದು ತೋರಿಸಿದ ಕಡೆ ಹೋಗಿ ಕೊನೆಗೆ ಬೀಗ ಹಾಕಿದ ಗೇಟಿನ ಮುಂದೆ ನಿಂತವರು ಎಷ್ಟೋ ಜನ. ಗೇಟಿನ ಹತ್ತಿರ ರೈಟರು, ಅಂದರೆ ತೋಟದ ಲೆಕ್ಕ ನೋಡುವವರು, ಇದ್ದರೆ ಕೇಳಿ ನೋಡಬಹುದು. "ಸಾಹುಕಾರ್ರು ಬೈತಾರೆ ಮಾರಾಯ್ರೆ" ಅನ್ನುತ್ತಲೇ ಬಿಟ್ಟವರೂ ಇದ್ದಾರೆ, ಬಿಡದವರೂ ಇದ್ದಾರೆ. ಬಿಡದಿದ್ದರೆ ವಾದ ಮಾಡಬೇಡಿ. ಅದು ಅವರ ತೋಟ.

ಕುದುರೆಮುಖದ ಬಗ್ಗೆ ಬಿಡದೆ ಕೇಳುತ್ತಾರೆ, ಆದ್ದರಿಂದ ಎರಡು ಮಾತು. ಅಲ್ಲಿ ಗಣಿ ನಿಂತಿದ್ದು 2005ರ ಕೊನೆಗೆ. ಪೇಟೆ ಖಾಲಿಯಾಯಿತು, ರಸ್ತೆ ಉಳಿಯಿತು. ಕಳಸದ ಕಡೆಯಿಂದ ಹೋದರೆ ಹುಲ್ಲುಗುಡ್ಡ, ಶೋಲಾ ಕಾಡು, ಕಣ್ಣಿಗೆ ಹಬ್ಬ. ಆದರೆ ಅದು ರಾಷ್ಟ್ರೀಯ ಉದ್ಯಾನ. ಗೇಟಿನಲ್ಲಿ ಗಾಡಿಗೆ ಹೊತ್ತು ಗೊತ್ತುಮಾಡಿ ಚೀಟಿ ಕೊಡುತ್ತಾರೆ, ನಡುವೆ ನಿಲ್ಲುವಂತಿಲ್ಲ. ಆ ಹೊತ್ತು ಕಾರಿನ ವೇಗಕ್ಕೆ ಹೊಂದಿಸಿದ್ದು. ಸೈಕಲ್ಲಿನಲ್ಲಿ ಹೋಗುವವರು ಅವತ್ತಿನ ನಿಯಮ ಏನು ಅಂತ ಗೇಟಿನಲ್ಲೇ ವಿಚಾರಿಸಿ, ಬಿಟ್ಟರೆ ಹೋಗಿ.

ಒಂದು ವಿಷಯ ಈಚೆಗೆ ನನ್ನನ್ನು ಕಾಡುತ್ತಿದೆ. ಸಾಗರದ ಆಚೆ, ಶರಾವತಿ ಹಿನ್ನೀರಿನ ತುಮರಿ ಕಡೆಯ ರಸ್ತೆಗಳನ್ನು ಸೈಕಲ್ಲಿನವರು ಬಹಳ ಹೊಗಳುತ್ತಿದ್ದರು. ಸೈಕಲ್ಲನ್ನು ಲಾಂಚಿಗೆ ಹತ್ತಿಸಿ ಆಚೆ ದಡಕ್ಕೆ ಇಳಿದರೆ ಮುಗಿಯಿತು, ಸಿಗಂದೂರಿಗೆ ಹೋಗುವವರು ಬಿಟ್ಟರೆ ರಸ್ತೆಯೆಲ್ಲ ನಿಮ್ಮದೇ. ಅಷ್ಟು ಖಾಲಿ ಯಾಕೆ ಇತ್ತು? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಅಲ್ಲಿನವರ ಹಳೇ ದಾರಿಗಳೆಲ್ಲ ಮುಳುಗಿದವು. ಅರವತ್ತು ವರ್ಷ ಅವರು ಲಾಂಚಿಗೆ ಕಾದರು. ಹೆರಿಗೆಗೆ ಕಾದರು, ಕಾಲೇಜಿಗೆ ಕಾದರು. ಸಂಜೆ ಕೊನೆಯ ಲಾಂಚು ತಪ್ಪಿದರೆ ಬೆಳಗಿನ ತನಕ ಕಾದರು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾಯಿತು. ಈಗ ಗಾಡಿಗಳು ಓಡುತ್ತಿವೆ. "ಆ ರೂಟ್ ಹಾಳಾಯ್ತು ಸಾರ್" ಅಂತ ಒಬ್ಬರು ನನಗೆ ಬರೆದಿದ್ದರು. ನನಗೆ ಸಿಟ್ಟೇ ಬಂತು. ನಮಗೆ ವಾರಾಂತ್ಯಕ್ಕೆ ಬೇಕಾದ ಮೌನ ಅಲ್ಲಿನವರಿಗೆ ಆಂಬುಲೆನ್ಸ್ ಬಾರದ ರಾತ್ರಿ ಆಗಿತ್ತು. ಖಾಲಿ ರಸ್ತೆ ಕಂಡಾಗಲೆಲ್ಲ ಇದೂ ನೆನಪಿರಲಿ. ಕೊಪ್ಪ ಸೀಮೆಯಲ್ಲಿ ಕಾರ್ಮಿಕರೇ ನಡೆಸುತ್ತಿದ್ದ ಸಹಕಾರ ಸಾರಿಗೆ 2020ರಲ್ಲಿ ನಿಂತಮೇಲೆ ಕೆಲವು ರಸ್ತೆಗಳು ಸೈಕಲ್ಲಿಗೆ ಇನ್ನೂ ಹಿತವಾದವು. ಬಸ್ಸಿಗೆ ಕೈ ಅಡ್ಡ ಹಿಡಿದು ನಿಲ್ಲುತ್ತಿದ್ದ ಶಾಲೆ ಮಕ್ಕಳಿಗೆ ಹಿತವಾಗಲಿಲ್ಲ.

ಬಸ್ಸಿನ ಮಾತು ಬಂತು. ಒಂದೂವರೆ ಗಾಡಿ ಅಗಲದ ನಮ್ಮ ರಸ್ತೆಗಳಲ್ಲಿ ಸೈಕಲ್ಲಿನವರಿಗೆ ದೊಡ್ಡ ಅಪಾಯ ಬಸ್ಸೇ, ಅದರಿಂದ ತಪ್ಪಿಸಿಕೊಳ್ಳುವುದು ಸುಲಭವೂ ಹೌದು. ಹಳ್ಳಿ ಬಸ್ಸಿಗೆ ಟೈಮಿದೆ, ಊರಿಗೆಲ್ಲ ಅದು ಬಾಯಿಪಾಠ. ಚಾ ಅಂಗಡಿಯಲ್ಲಿ "ಅಕ್ಕಾ, ಮೇಲಿಂದ ಬಸ್ ಎಷ್ಟೊತ್ತಿಗೆ?" ಅಂತ ಕೇಳಿ. ಗೋಡೆ ಗಡಿಯಾರ ನೋಡದೆಯೇ ಹೇಳುತ್ತಾರೆ: "ಒಂಬತ್ತೂಕಾಲಿಂದು ಹೋಯ್ತು, ಇನ್ನು ಹನ್ನೊಂದಕ್ಕೆ." ಎರಡು ಬಸ್ಸಿನ ನಡುವೆ ಏರು ಮುಗಿಸಿಕೊಳ್ಳಿ. ತಿರುವಿನಲ್ಲಿ ಹಾರ್ನ್ ಕೇಳಿದರೆ ಇಳಿದು ಧರೆ ಕಡೆಗೆ, ಅಂದರೆ ಗುಡ್ಡದ ಕಡೆಗೆ, ನಿಂತುಬಿಡಿ, ಪ್ರಪಾತದ ಕಡೆಗಲ್ಲ. ಡ್ರೈವರಿಗೆ ಕೈ ಎತ್ತಿ. ಮುಂದಿನ ಸಲ ಅವರೇ ನಿಧಾನ ಮಾಡುತ್ತಾರೆ.

ಕಾಲ ಯಾವುದು? ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ಫೋಟೋದಲ್ಲಿ ಹಸಿರು ಕಾಣುವುದು ಆಗಲೇ, ಡಾಂಬರಿನ ಮೇಲೆ ಪಾಚಿ ಕಟ್ಟುವುದೂ ಆಗಲೇ. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದ ಸುದ್ದಿ ನೀವೂ ಓದಿರುತ್ತೀರಿ. ನವೆಂಬರ್‌ನಿಂದ ಫೆಬ್ರವರಿ ಹವೆ ಚೆನ್ನ. ಆದರೆ ಅದು ಕಾಫಿ ಕೊಯ್ಲಿನ ಕಾಲ. ಬೆಳಿಗ್ಗೆ ಎಂಟರ ಸುಮಾರಿಗೆ, ಸಂಜೆ ಐದರ ಸುಮಾರಿಗೆ ಆಳುಗಳನ್ನು ತುಂಬಿಕೊಂಡ ಪಿಕಪ್‌ಗಳು ಒಂದೇ ಸಮ ಓಡುತ್ತವೆ. ಆ ಹೊತ್ತಿಗೆ ನೀವು ತಿಂಡಿ ತಿನ್ನುತ್ತಿರಿ. ನನ್ನನ್ನು ಕೇಳಿದರೆ ಮಾರ್ಚ್. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಎಂಟ್ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ. ಏರಿನಲ್ಲಿ ಏದುಸಿರು ಬಿಡುವಾಗಲೂ ಮೂಗಿಗೆ ಅದೇ ಪರಿಮಳ. ಮಧ್ಯಾಹ್ನ ಸೆಖೆ ಜೋರು, ಹಾಗಾಗಿ ದೊಡ್ಡ ಏರುಗಳನ್ನು ಹನ್ನೊಂದರೊಳಗೆ ಮುಗಿಸಿ.

ಹನ್ನೊಂದರೊಳಗೆ ಅಂದೆ ಅಂತ ಕತ್ತಲಲ್ಲಿ ಹೊರಡಬೇಡಿ. ಮೂಡಿಗೆರೆ, ಸಕಲೇಶಪುರ, ಆಲೂರು ಕಡೆ ತೋಟದಲ್ಲೇ ಆನೆ ಇರುತ್ತದೆ. ಈಗೀಗ ನಮ್ಮ ಕಡೆಗೂ ಬರುತ್ತಿವೆ. ಕಾಟಿ (ಕಾಡುಕೋಣ) ಎಲ್ಲ ಕಡೆಯೂ ಉಂಟು. ಸೈಕಲ್ ಸದ್ದಿಲ್ಲದೆ ಬರುವುದರಿಂದ ಅವಕ್ಕೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ. ಪೂರ್ತಿ ಬೆಳಕಾಗಲಿ, ಚಾ ಅಂಗಡಿ ಬಾಗಿಲು ತೆಗೆಯಲಿ, "ರಾತ್ರಿ ಈ ಕಡೆ ಏನಾದ್ರೂ ಬಂದಿತ್ತಾ?" ಅಂತ ಒಂದು ಮಾತು ಕೇಳಿ ಹೊರಡಿ. ಊರಿನ ವಾಟ್ಸಾಪ್ ಗುಂಪಿನಲ್ಲಿ ಅಷ್ಟರಲ್ಲಿ ಸುದ್ದಿ ಓಡಾಡಿರುತ್ತದೆ.

ಸೈಕಲ್ ತರುವುದು ಹೇಗೆ ಅಂತಲೂ ಕೇಳುತ್ತಾರೆ. ಚಿಕ್ಕಮಗಳೂರು, ಶಿವಮೊಗ್ಗದ ತನಕ ರೈಲಿದೆ. ಅಲ್ಲಿಂದ ಮೇಲಕ್ಕೆ ಬಸ್ಸು. ಪ್ರೈವೇಟ್ ಬಸ್ಸಿನ ಟಾಪಿಗೆ ಹಾಕಲು ಕಂಡಕ್ಟರ್ ಒಪ್ಪಿದರೆ ಒಪ್ಪಿದ, ಇಲ್ಲದಿದ್ದರೆ ಮುಂದಿನ ಬಸ್ಸು. ಮುಂಗಾಲಿ ಬಿಚ್ಚಿ, ಹಿಂದಿನ ಗೇರಿನ ಭಾಗ ಮೇಲೆ ಬರುವ ಹಾಗೆ ಮಲಗಿಸಿ, ಒಂದು ಗೋಣಿಚೀಲ ಅಡಿಗೆ ಹಾಕಿ ಹಗ್ಗ ನೀವೇ ಕಟ್ಟಿ. ಅದರ ಮೇಲೆ ಅಡಿಕೆ ಮೂಟೆ ಹಾಕದಂತೆ ಕ್ಲೀನರಿಗೆ ಮೊದಲೇ ಹೇಳಿಡಿ.