ಸಮುದ್ರದಾಗ ಎಷ್ಟು ವರ್ಷ ಇದ್ರಿ ಕಾಕಾ?

ನೇವಿಯಿಂದ ರಿಟೈರ್ ಆಗಿ ಬೀದರ್‌ಗೆ ಬಂದವನಿಗೆ ಜನ ಮೊದಲು ಕೇಳುವುದು, "ಊರಾಗೇ ಏರ್‌ಫೋರ್ಸ್ ಇರೂವಾಗ ನೇವಿಗಿ ಯಾಕ್ ಹೋದ್ರಿ?" ಇದಕ್ಕೆ ಉತ್ತರ ಸಣ್ಣದು. ಆ ವರ್ಷ ನಾನು ಬರೆದದ್ದು ನೇವಿ ಪರೀಕ್ಷೆ, ಪಾಸಾದದ್ದೂ ಅದೇ. ತಲೆ ಮೇಲೆ ದಿನಾ ವಿಮಾನ ಹಾರಿದ ಮಾತ್ರಕ್ಕೆ ಊರ ಹುಡುಗರನ್ನು ಏರ್‌ಫೋರ್ಸ್‌ನವರು ಕರೆದು ಕೂರಿಸಿಕೊಳ್ಳುವುದಿಲ್ಲ.

ಅದಾದ ಮೇಲೆ ಬರುವುದು ಎಲ್ಲರೂ ಕೇಳುವ ಪ್ರಶ್ನೆ: "ಸಮುದ್ರದಾಗ ಎಷ್ಟು ವರ್ಷ ಇದ್ರಿ ಕಾಕಾ?" ಮದುವೆ ಪಂಕ್ತಿಯಲ್ಲಿ, ಕಟಿಂಗ್ ಅಂಗಡಿಯಲ್ಲಿ, ಹುಮನಾಬಾದ್ ಬಸ್ಸಿನಲ್ಲಿ ಕೇಳಿದ್ದಾರೆ. ಸರ್ವಿಸಿನ ಸುಮಾರು ಅರ್ಧ ಅಂತ ಹೇಳುತ್ತೇನೆ, ಅವರ ಮುಖ ಸಪ್ಪಗಾಗುತ್ತದೆ. ಆ ಅರ್ಧದಲ್ಲೂ ನಾನು ಸಮುದ್ರ ಕಂಡದ್ದು ಕಡಿಮೆ, ಯಾಕಂದರೆ ನಾನು ಹಡಗಿನ ತಳದ ಬಾಯ್ಲರ್ ರೂಮಿನವನು.

ಉಳಿದರ್ಧ ನೆಲದ ಮೇಲೆ ಕಳೆಯಿತು. ಊರಿಗೆ ಬರೆದ ಪತ್ರಗಳಲ್ಲಿ ವಿಳಾಸ ಐಎನ್‌ಎಸ್ (ಇಂಡಿಯನ್ ನೇವಲ್ ಶಿಪ್) ಅಂತಲೇ ಶುರುವಾಗುತ್ತಿದ್ದರಿಂದ ಮನೆಯವರು ನಾನು ಸದಾ ನೀರಿನ ಮೇಲೆ ತೇಲುತ್ತಿದ್ದೇನೆ ಅಂದುಕೊಂಡಿದ್ದರು. ನೇವಿಯ ನೆಲದ ಠಾಣೆಗಳಿಗೂ ಹಡಗಿನ ಹಾಗೇ ಹೆಸರಿಡುತ್ತಾರೆ, ಇದು ಬ್ರಿಟಿಷರ ಕಾಲದ ಪದ್ಧತಿ. ನಾವೆಲ್ಲ ಮೊದಲು ಕಲಿತ ಒಡಿಶಾದ ಐಎನ್‌ಎಸ್ ಚಿಲ್ಕಾ 1980ರಲ್ಲಿ ಶುರುವಾದ ತರಬೇತಿ ಕೇಂದ್ರ. ಸಿಕಂದರಾಬಾದ್‌ನಲ್ಲಿ ರೈಲು ಬದಲಿಸಿ ಹೋದ ನನಗೆ ಅಲ್ಲಿ ಕಂಡದ್ದು ಸಮುದ್ರವಲ್ಲ, ಚಿಲಿಕಾ ಸರೋವರ. ಈಜು ಪರೀಕ್ಷೆಗೆ ಮಾತ್ರ ನಾನು ಹೆದರಲಿಲ್ಲ, ನಮ್ಮ ಹೊಲದ ಬಾವಿ ಅದನ್ನು ಮೊದಲೇ ಕಲಿಸಿತ್ತು.

ಅಲ್ಲಿಂದ ಲೋಣಾವಳದ ಐಎನ್‌ಎಸ್ ಶಿವಾಜಿ. ಹಡಗಿನ ಎಂಜಿನ್ ಕಲಿಸುವ ಶಾಲೆ 1945ರಿಂದ ಬೆಟ್ಟದ ಮೇಲಿದೆ! ಹಡಗಿಗೆ ತೂತು ಬಿದ್ದರೆ ಏನು ಮಾಡಬೇಕೆಂದು ಕಲಿತದ್ದೂ ಅಲ್ಲೇ. ಒಂದು ಕೋಣೆಯೊಳಗೆ ಬಿಡುತ್ತಾರೆ, ಗೋಡೆಯಿಂದ ನೀರು ನುಗ್ಗುತ್ತದೆ. ಎದೆಮಟ್ಟ ನೀರಿನಲ್ಲಿ ನಿಂತು ಮರದ ಬೆಣೆ ಹೊಡೆದು, ತೊಲೆ ಆನಿಸಿ ನಿಲ್ಲಿಸಬೇಕು. ಹೊರಗೆ ಲೋಣಾವಳದ ಮಳೆ, ಒಳಗೆ ಇದು.

ಇನ್ನು ಹಡಗು. ನಾನು ಹೆಚ್ಚು ದಿನ ಇದ್ದದ್ದು ವಿರಾಟ್ ಮೇಲೆ. 1959ರಿಂದ ಬ್ರಿಟಿಷ್ ನೌಕಾಪಡೆಯಲ್ಲಿದ್ದು, 1982ರ ಫಾಕ್‌ಲ್ಯಾಂಡ್ ಯುದ್ಧ ಮಾಡಿ, 1987ರಲ್ಲಿ ನಮ್ಮಲ್ಲಿಗೆ ಬಂದ ವಿಮಾನವಾಹಕ. ನೆತ್ತಿಯ ಮೇಲೆ ಸೀ ಹ್ಯಾರಿಯರ್ ವಿಮಾನಗಳು ನೆಟ್ಟಗೆ ಕೆಳಗಿಳಿಯುತ್ತಿದ್ದವು. ಪೇಪರಿನಲ್ಲಿ ಬರುತ್ತಿದ್ದ ಫೋಟೊಗಳೆಲ್ಲ ಅವುಗಳವೇ. ನಮ್ಮ ಪಾಲಿಗೆ ಅದರ ಸದ್ದಷ್ಟೇ. ನಾಲ್ಕು ಬಾಯ್ಲರ್, ಅವುಗಳ ಆವಿಯಿಂದ ತಿರುಗಿ ಹಡಗು ಓಡಿಸುವ ಎರಡು ಟರ್ಬೈನ್, 76,000 ಅಶ್ವಶಕ್ತಿ, ಎಲ್ಲವೂ ತಳದಲ್ಲಿ. ಬೆಳಿಗ್ಗೆ ಹಡಗು ಬಂದರು ಬಿಡುತ್ತದೆ ಅಂದರೆ ನಾವು ಹಿಂದಿನ ರಾತ್ರಿಯೇ ಬೆಂಕಿ ಹಚ್ಚಿ ಆವಿ ಏರಿಸಬೇಕು. ಅವಸರ ಮಾಡುವಂತಿಲ್ಲ, ಲೋಹ ನಿಧಾನವಾಗಿ ಕಾಯಬೇಕು. ಮೇಲಿನವರು ಬಿಳಿ ಡ್ರೆಸ್ ಹಾಕಿ ಸಾಲಾಗಿ ನಿಂತು ಸೆಲ್ಯೂಟ್ ಹೊಡೆಯುವಾಗ ನಾವು ಕೆಳಗೆ ಎಣ್ಣೆ ಮೆತ್ತಿದ ಡಾಂಗ್ರಿಯಲ್ಲಿ ಗೇಜ್ ನೋಡುತ್ತಿರುತ್ತಿದ್ದೆವು. ಹಡಗು ಯಾವ ಊರು ಬಿಟ್ಟಿತು, ಎತ್ತ ಹೊರಟಿತು ಅನ್ನುವುದು ಸ್ಪೀಕರಿನಲ್ಲಿ ಹೇಳಿದರೆ ಗೊತ್ತು. ಅಲೆ ಕಾಣುವುದಿಲ್ಲ, ಕಾಲಿಗೆ ಗೊತ್ತಾಗುತ್ತದೆ.

ನೀರಿನ ವಿಷಯ ಹೇಳಿದರೆ ನಮ್ಮ ಕಡೆಯವರಿಗೆ ಬೇಗ ತಿಳಿಯುತ್ತದೆ. ಸಮುದ್ರದ ನೀರನ್ನು ಕಾಯಿಸಿ, ಆವಿ ತಣಿಸಿ ಸಿಹಿನೀರು ಮಾಡುವ ಯಂತ್ರ ಹಡಗಿನಲ್ಲಿರುತ್ತದೆ. ಆ ನೀರಿಗೆ ಮೊದಲ ಹಕ್ಕು ಬಾಯ್ಲರಿನದು. ಉಪ್ಪು ಚೂರು ಸೇರಿದರೂ ಅದರ ಕೊಳವೆಗಳು ಕೆಡುತ್ತವೆ, ಆದ್ದರಿಂದ ಮತ್ತೆ ಮತ್ತೆ ಪರೀಕ್ಷೆ. ಯಂತ್ರ ಸರಿಯಾಗಿ ನೀರು ಕೊಡದ ದಿನ ಸ್ನಾನದ ನಲ್ಲಿ ಬಂದ್. ಡೆಲ್ಲಿ, ಕೇರಳದ ಹುಡುಗರು ಗೊಣಗುತ್ತಿದ್ದರು. ಬೇಸಿಗೆಯಲ್ಲಿ ಟ್ಯಾಂಕರ್ ಕಾದು ಬೆಳೆದ ನನಗೆ ಒಂದು ಬಕೆಟ್ ನೀರಿನಲ್ಲಿ ಸ್ನಾನ, ಬಟ್ಟೆ ಎರಡೂ ಮುಗಿಸುವುದು ಹೊಸದೇನಲ್ಲ. ಸೆಖೆಯೂ ಅಷ್ಟೆ. ಕಲಬುರಗಿ ಮೇ ತಿಂಗಳಿಗಿಂತ ಆ ರೂಮು ಹೆಚ್ಚೇ ಕಾಯುತ್ತಿತ್ತು, ಆದರೆ ಬೆವರು ಹೊಸದಾಗಿರಲಿಲ್ಲ.

ದಿನ ನಡೆಯುವುದು ವಾಚ್ ಲೆಕ್ಕದಲ್ಲಿ. ನಾಲ್ಕು ತಾಸಿನ ಪಾಳಿ, ಸಂಜೆ ನಾಲ್ಕರಿಂದ ಎಂಟರ ನಡುವೆ ಮಾತ್ರ ಎರಡೆರಡು ತಾಸಿನ ಎರಡು. ಒಟ್ಟು ಏಳು ಪಾಳಿ ಆಗುವುದರಿಂದ ಮೂರು ತಂಡಗಳಿಗೆ ದಿನವೂ ಸಮಯ ಸರಿಯುತ್ತ ಹೋಗುತ್ತದೆ, ನಡುರಾತ್ರಿಯ ಪಾಳಿ ಒಬ್ಬರ ತಲೆಗೇ ಅಂಟಿಕೊಳ್ಳುವುದಿಲ್ಲ. ಯಾರು ಯೋಚಿಸಿದರೋ, ನ್ಯಾಯವಾಗಿ ಯೋಚಿಸಿದ್ದಾರೆ.

ಭಾಷೆಯ ತೊಂದರೆ ನನಗಾಗಲಿಲ್ಲ. ಬೀದರ್‌ನಲ್ಲಿ ಬೆಳೆದವನಿಗೆ ದಖನಿ ಉರ್ದು ಓಣಿಯಲ್ಲೇ ಬರುತ್ತದೆ, ಮರಾಠಿ, ತೆಲುಗೂ ಅಷ್ಟಿಷ್ಟು. ಮೈಸೂರು ಕಡೆಯ ಗೆಳೆಯ ಹಿಂದಿಗೆ ತಿಂಗಳುಗಟ್ಟಲೆ ತಡವರಿಸಿದ. ನನ್ನ "ನಕ್ಕೋ" (ಬೇಡ) ಕೇಳಿ ಎಲ್ಲರೂ ನಗುತ್ತಿದ್ದರು, ಕೆಲಸ ಮಾತ್ರ ನಡೆಯುತ್ತಿತ್ತು. ಮಳೆಗಾಲದ ಅರಬ್ಬಿ ಸಮುದ್ರದಲ್ಲಿ ಹೊಟ್ಟೆ ತೊಳಸುವಾಗ ಅನ್ನ ಸಾರು ಇಳಿಯುವುದಿಲ್ಲ, ಒಣದು ಬೇಕು. ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿಗೆ ಪಂಜಾಬಿನವರೂ ಕೈ ಚಾಚಿದ್ದಾರೆ.

ಸುನಾಮಿಯಾದ 2004ರ ಡಿಸೆಂಬರ್ 26 ಭಾನುವಾರ. ಆಗ ನಾನು ವಿಶಾಖಪಟ್ಟಣದಲ್ಲಿ, ನೆಲದ ಮೇಲೆ, ದುರಸ್ತಿ ವಿಭಾಗದಲ್ಲಿದ್ದೆ. "ಅಯ್ಯೋ, ಹಡಗಿನಾಗ ಇರಲಿಲ್ಲೇನ್ರಿ?" ಅಂತ ಕೇಳುತ್ತಾರೆ. ಇರಲಿಲ್ಲ. ರಜೆ ರದ್ದಾಗಿ ಎಲ್ಲರೂ ಜೆಟ್ಟಿಗೆ ಬಂದೆವು. ಬಿಚ್ಚಿಟ್ಟ ಪಂಪು ಜೋಡಿಸಿದೆವು, ಜನರೇಟರ್ ಎಬ್ಬಿಸಿದೆವು, ನೀರು, ಔಷಧಿ ತುಂಬಿದೆವು. ಅಂಡಮಾನಿಗೆ, ನಮ್ಮದೇ ಕರಾವಳಿಗೆ, ಶ್ರೀಲಂಕಾ, ಮಾಲ್ಡೀವ್ಸ್, ಇಂಡೋನೇಷ್ಯಾಕ್ಕೆ ನೌಕಾಪಡೆ ಬೇರೆ ಬೇರೆ ಕಾರ್ಯಾಚರಣೆ ನಡೆಸಿತು. ಹೋದ ಹಡಗುಗಳ ಹೆಸರು ಪೇಪರಿನಲ್ಲಿ ಬಂದವು. ನನ್ನನ್ನು ಕೇಳಿದರೆ, ಇಡೀ ಸರ್ವಿಸಿನಲ್ಲಿ ನಾನು ಹೆಚ್ಚು ಉಪಯೋಗಕ್ಕೆ ಬಂದದ್ದು ಆ ವಾರವೇ, ಅದೂ ಸಮುದ್ರಕ್ಕೆ ಕಾಲಿಡದೆ.

ಕೊನೆಯ ಪೋಸ್ಟಿಂಗ್ ಕಾರವಾರದ ಐಎನ್‌ಎಸ್ ಕದಂಬ, 2005ರಲ್ಲಿ ಶುರುವಾದ ನೌಕಾನೆಲೆ. 10,000 ಟನ್ ತೂಕದ ಹಡಗನ್ನೂ ನೀರಿನಿಂದ ಮೇಲೆತ್ತಿ ದಡಕ್ಕೆ ತರುವ ಲಿಫ್ಟ್ ಅಲ್ಲಿದೆ, ನೋಡುವಂಥದ್ದು. ಕನ್ನಡ ನಾಡಿಗೆ ಬಂದೆನೆಂದು ಹೆಂಡತಿ ಖುಷಿಪಟ್ಟಳು. ಪಕ್ಕದ ಮನೆಯವರು ಕೊಂಕಣಿ ಮಾತಾಡುತ್ತಿದ್ದರು, ಊರಿಗೆ ಹೋಗಲು ಮುಂಬೈಯಿಂದಲೇ ಸಲೀಸಿತ್ತು.

ಈಗ ಇದೇ ಪ್ರಶ್ನೆಯನ್ನು ಅಗ್ನಿವೀರರಾಗಲು ಹೊರಟ ಹುಡುಗರು ಕೇಳುತ್ತಾರೆ. 2022ರಿಂದ ಭರ್ತಿ ನಾಲ್ಕು ವರ್ಷಕ್ಕೆ, ಅದರಲ್ಲಿ ಗರಿಷ್ಠ ನಾಲ್ಕನೇ ಒಂದು ಭಾಗ ಮಾತ್ರ ಮುಂದುವರಿಯುತ್ತಾರೆ. ನಾಲ್ಕು ವರ್ಷಕ್ಕೆ ಒಂದು ಯಂತ್ರ ಕೈಗೆ ಹತ್ತುವಷ್ಟಾಗುತ್ತದೆ, ಅಷ್ಟರಲ್ಲಿ ಹೊರಗೆ. ಇದು ನನಗೆ ಸರಿಕಾಣುವುದಿಲ್ಲ. ಹೋಗಬೇಡಿ ಅನ್ನುವುದಿಲ್ಲ. ಸಮುದ್ರ ಎಷ್ಟು ದಿನ ಅಂತ ಕೇಳುವ ಬದಲು ಯಾವ ಬ್ರಾಂಚ್ ಸಿಗುತ್ತದೆ, ಅದು ಕಲಿಸಿದ ಕೆಲಸಕ್ಕೆ ಊರಿನಲ್ಲಿ ಯಾರು ಪಗಾರ ಕೊಡುತ್ತಾರೆ ಅಂತ ಕೇಳಿ ಅನ್ನುತ್ತೇನೆ. ನಾನು ಕಲಿತ ಆವಿಯ ಕೆಲಸ ನೇವಿಯಲ್ಲೇ ಕಡಿಮೆಯಾಗಿದೆ. 2022ರಲ್ಲಿ ಬಂದ ಹೊಸ ವಿಮಾನವಾಹಕ ವಿಕ್ರಾಂತ್ ಓಡುವುದು ಆವಿ ಬೇಡದ ಗ್ಯಾಸ್ ಟರ್ಬೈನಿನಲ್ಲಿ. ಆವಿಯ ವಿಮಾನವಾಹಕ ಅಂದರೆ ವಿಕ್ರಮಾದಿತ್ಯ ಉಳಿದಿದೆ. ವಿರಾಟ್ 2017ರಲ್ಲಿ ಸೇವೆ ಮುಗಿಸಿ ಆಮೇಲೆ ಅಲಂಗ್‌ನಲ್ಲಿ ಗುಜರಿಗೆ ಹೋಯಿತು.

ನನಗೆ ಮಾತ್ರ ಆವಿ ಊರಲ್ಲೂ ಅನ್ನ ಕೊಟ್ಟಿತು. ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆ ಉರಿಸಿ ಬಾಯ್ಲರ್ ನಡೆಸುತ್ತಾರೆ. ಬಾಯ್ಲರ್ ಅಟೆಂಡೆಂಟ್ ಸರ್ಟಿಫಿಕೇಟಿನ ಪರೀಕ್ಷೆ ಪಾಸು ಮಾಡಿಕೊಂಡು ಅಂಥದ್ದೊಂದರಲ್ಲಿ ಸೇರಿಕೊಂಡೆ. ಪಾಳಿ ಎಂಟು ತಾಸಿನದು, ಸಂಜೆಯ ಎರಡು ತಾಸಿನ ಆ ಉಪಾಯ ಇಲ್ಲಿಲ್ಲ. ಕಬ್ಬು ನುರಿಯುವ ಹಂಗಾಮಿನಲ್ಲಿ ಯಾರಾದರೂ ಮಾತಾಡಿಸಬೇಕೆಂದರೆ ಮಧ್ಯಾಹ್ನ ಎರಡರ ಮೇಲೆ ಬನ್ನಿ, ನಂದು ಬೆಳಗಿನ ಪಾಳಿ.