ನ್ಯೂರೆಂಬರ್ಗ್‌ಗೆ ಮಂಗಳವಾರ ಹೋಗಬೇಡಿ

ಮ್ಯೂನಿಕ್‌ನಲ್ಲಿರುವ ಅಕ್ಕನ ಮನೆಗೆ ಹೋದಾಗ ನ್ಯೂರೆಂಬರ್ಗ್ ನೋಡಿ ಬಂದೆವು. ವೇಗದ ರೈಲಲ್ಲಿ ಒಂದು ಗಂಟೆ ಚಿಲ್ಲರೆ. ನಿಧಾನವಾದರೂ ಪರವಾಗಿಲ್ಲ ಅಂದರೆ ಬಯರ್ನ್ ಟಿಕೆಟ್ (ಬವೇರಿಯಾ ರಾಜ್ಯದೊಳಗೆ ಓಡಾಡುವ ಒಂದು ದಿನದ ಟಿಕೆಟ್) ಅಗ್ಗ. ಆದರೆ ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರವೇ ಅದು ನಡೆಯೋದು.

ಮೊದಲು ಹೋಗಿದ್ದು 600ನೇ ನಂಬರಿನ ಕೋರ್ಟ್ ಹಾಲ್‌ಗೆ. ಗೋರಿಂಗ್ ಮತ್ತಿತರ ನಾಜಿ ನಾಯಕರ ವಿಚಾರಣೆ 1945–46ರಲ್ಲಿ ನಡೆದ ಜಾಗ. ಬಾಗಿಲು ಹಾಕಿತ್ತು. ಮಂಗಳವಾರ ರಜೆ! "ಒಂದ್ಸಲ ನೋಡ್ಕೊಂಡು ಬರಬಾರದಿತ್ತೇನೇ?" ಅಂತ ಅಕ್ಕ ದಾರಿಯುದ್ದಕ್ಕೂ ಗೊಣಗಿದಳು.

ಆಗಿದ್ದು ಒಳ್ಳೆಯದೇ. ಮೊದಲು ನಾಜಿ ಪಕ್ಷ ಸಮಾವೇಶ ನಡೆಸುತ್ತಿದ್ದ ಮೈದಾನ, ಆಮೇಲೆ ಕೋರ್ಟು ನೋಡಬೇಕು.

ಡೋಕು ತ್ಸೆಂಟ್ರುಮ್ ಸ್ಟಾಪ್‌ಗೆ ಹೋಗುವ ಟ್ರಾಮ್ ಹತ್ತಿ. ಇಳಿದರೆ ಕಾಂಗ್ರೆಸ್ ಹಾಲ್. ನಾಜಿಗಳು 50,000 ಜನರಿಗೆಂದು ಕಟ್ಟಲು ಶುರು ಮಾಡಿದ್ದು, ಇಂದಿಗೂ ಸೂರಿಲ್ಲ. ಅಲ್ಲಿಂದ ಮುಂದೆ ಗ್ರೋಸೆ ಸ್ಟ್ರಾಸೆ, ಅಂದರೆ ದೊಡ್ಡ ರಸ್ತೆ. 60 ಮೀಟರ್ ಅಗಲ, ಒಂದೂವರೆ ಕಿಲೋಮೀಟರ್ ಉದ್ದ, ಪೂರ್ತಿ ಗ್ರಾನೈಟ್ ಚಪ್ಪಡಿ. ಒಂದೊಂದು ಕಲ್ಲೂ 1.2 ಮೀಟರ್, ಕವಾಯತು ಮಾಡುವ ಸೈನಿಕನ ಎರಡು ಹೆಜ್ಜೆ ಲೆಕ್ಕ. ಸುಮ್ನೆ ನಡೆದು ನೋಡಿದೆ. ಎರಡು ಹೆಜ್ಜೆಗೊಂದು ಕಲ್ಲು ಮುಗಿಯುತ್ತಿತ್ತು. ಹತ್ತಿಪ್ಪತ್ತು ಕಲ್ಲು ದಾಟುವಷ್ಟರಲ್ಲಿ ಕಾಲು ತಾನಾಗೇ ಆ ತಾಳಕ್ಕೆ ಬೀಳತೊಡಗಿತು. ಯಾಕೋ ಇರುಸುಮುರುಸಾಗಿ ಅಂಚಿಗೆ ಸರಿದೆ.

ತಮಾಷೆ ಅಂದರೆ, ಈ ರಸ್ತೆಯಲ್ಲಿ ಒಂದು ಪೆರೇಡೂ ನಡೆಯಲಿಲ್ಲ. 1939ರ ಸೆಪ್ಟೆಂಬರ್ 2ಕ್ಕೆ ಇಲ್ಲಿ ಶುರುವಾಗಬೇಕಿದ್ದ ಸಮಾವೇಶಕ್ಕೆ 'ಶಾಂತಿ ಸಮಾವೇಶ' ಅಂತ ಹೆಸರಿಟ್ಟಿದ್ದರು. ಅದನ್ನು ಸದ್ದಿಲ್ಲದೆ ರದ್ದು ಮಾಡಿ, ಸೆಪ್ಟೆಂಬರ್ 1ಕ್ಕೆ ಪೋಲೆಂಡ್ ಮೇಲೆ ನುಗ್ಗಿದರು. ಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯ ಇದೇ ರಸ್ತೆಯಲ್ಲಿ ವಿಮಾನ ಇಳಿಸಿತು. ಈಗ ಜಾತ್ರೆ ಇದ್ದಾಗ ಪಾರ್ಕಿಂಗ್.

ಕೆರೆ ಸುತ್ತಿ ಬಂದರೆ ಜೆಪ್ಪೆಲಿನ್ ಮೈದಾನ. ಹಿಟ್ಲರ್ ನಿಂತು ಭಾಷಣ ಮಾಡುತ್ತಿದ್ದ ಕಲ್ಲಿನ ಕಟ್ಟೆ ಇರುವುದು ಇಲ್ಲೇ. ಮೆಟ್ಟಿಲ ಸಂದಿಯಲ್ಲಿ ಹುಲ್ಲು ಬೆಳೆದಿದೆ. ಫೋಟೋ ತೆಗೆಸಿಕೊಳ್ಳಿ, ಆದರೆ ತಮಾಷೆಗೂ ನಾಜಿ ಸಲ್ಯೂಟ್‌ನಂತೆ ಕೈ ಮುಂದೆ ಚಾಚಬೇಡಿ. ಜರ್ಮನಿಯಲ್ಲಿ ಅದು ಅಪರಾಧ, ಕೇಸ್ ಆಗುತ್ತದೆ. ಯಹೂದಿಗಳ ಪೌರತ್ವ ಕಿತ್ತುಕೊಂಡ ಕಾನೂನು ಪಾಸಾಗಿದ್ದೂ 1935ರ ಸಮಾವೇಶದ ಹೊತ್ತಲ್ಲಿ, ಇದೇ ಊರಲ್ಲಿ.

ನೆರಳು ಕಡಿಮೆ, ನಡಿಗೆ ಜಾಸ್ತಿ. ನೀರು, ಟೋಪಿ ಇರಲಿ. ಊರು ಬೆರಳುದ್ದದ ಸಾಸೇಜ್‌ಗೆ ಪ್ರಸಿದ್ಧ. ಸಸ್ಯಾಹಾರಿಗಳು ಚಿತ್ರಾನ್ನ ಕಟ್ಟಿಕೊಂಡು ಹೋಗುವುದೇ ವಾಸಿ.

ಕೋರ್ಟ್ ಹಾಲ್‌ಗೆ ಶನಿವಾರ ಮತ್ತೆ ಹೋದೆವು. ಯು1 ಮೆಟ್ರೋ, ಬೇರೆನ್‌ಶಾಂತ್ಸೆ ಸ್ಟಾಪ್. ಆರೋಪಿಗಳು ಕೂತಿದ್ದ ಬೆಂಚಿನ ತುಂಡೊಂದನ್ನು ಮೇಲಿನ ಮಹಡಿಯಲ್ಲಿ ಇಟ್ಟಿದ್ದಾರೆ. ಅಕ್ಕ ಅದರ ಮುಂದೆ ಎಷ್ಟು ಹೊತ್ತು ನಿಂತಳೆಂದರೆ, ವಾಪಸ್ ಬರುವ ರೈಲು ತಪ್ಪಿಹೋಯಿತು. ಎರಡು ಗಂಟೆಯಾದರೂ ಇಟ್ಟುಕೊಳ್ಳಿ.