ಇದು ದೂರಲ್ಲ

ಹೋದ ತಿಂಗಳು ನಮ್ಮೂರಿನಲ್ಲಿ ಒಂದು ಸನ್ಮಾನ ಕಾರ್ಯಕ್ರಮ ಇತ್ತು. ಸನ್ಮಾನಿತರು ಹನ್ನೊಂದು ಜನ, ವೇದಿಕೆ ಮೇಲಿದ್ದ ಕುರ್ಚಿ ಒಂಬತ್ತು. ಅದರಲ್ಲೂ ಐದು ಕುರ್ಚಿ ಮುಖ್ಯ ಅತಿಥಿಗಳಿಗೆ. ಹಾಗಾಗಿ ಯಾರಿಗೆ ಸನ್ಮಾನವೋ ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಶಾಮಿಯಾನದ ಕಂಬಕ್ಕೆ ಒರಗಿಕೊಂಡು ನಿಂತಿದ್ದರು. ಫ್ಲೆಕ್ಸಿನಲ್ಲೂ ಇದೇ ಲೆಕ್ಕ. ಖರ್ಚು ಕೊಟ್ಟ ಮುಖಂಡರ ಫೋಟೋ ಬಾಗಿಲಷ್ಟು ದೊಡ್ಡದು, ಸನ್ಮಾನಿತರೆಲ್ಲ ಕೆಳಗೆ ಸಾಲಾಗಿ ಪಾಸ್‌ಪೋರ್ಟ್ ಸೈಜಿನಲ್ಲಿ.

ನಮ್ಮ ಲೈನ್‌ಮನ್ ಕೂಡ ಇದ್ದರು, ಆಗಷ್ಟೇ ರಿಟೈರ್ ಆದವರು. ಅವರ ತಲೆಗಿಟ್ಟ ಮೈಸೂರು ಪೇಟ ದೊಡ್ಡದಾಗಿ ಹುಬ್ಬಿನ ತನಕ ಇಳಿದಿತ್ತು. ಪೇಟ ಹಿಡಿದುಕೊಂಡರೆ ಹಣ್ಣಿನ ಬುಟ್ಟಿ ವಾಲುತ್ತೆ, ಬುಟ್ಟಿ ಹಿಡಿದರೆ ಪೇಟ ಜಾರುತ್ತೆ. ಫೋಟೋದಲ್ಲಿ ಅವರ ಕಣ್ಣೇ ಕಾಣಿಸುವುದಿಲ್ಲ. ನಿರೂಪಕರು ಬಿನ್ನವತ್ತಳೆ ಓದಿದರು: ಸರಳತೆ, ಸಜ್ಜನಿಕೆ, ಸಾಕಾರಮೂರ್ತಿ. ಮುಂದಿನವರಿಗೂ ಅದೇ. ಹನ್ನೊಂದಕ್ಕೂ ಅದೇ, ಹೆಸರು ಮಾತ್ರ ಬೇರೆ. ಒಂದು ಮಳೆಗಾಲದಲ್ಲಿ ನಮ್ಮ ಬೀದಿಯ ಕಂಬ ಬಿದ್ದಾಗ, ನೀರಿನ ಮೋಟಾರ್ ನಿಂತುಹೋಗಿ ಊರಿಗೆ ಊರೇ ಬಿಂದಿಗೆ ಹಿಡಿದು ಓಡಾಡುತ್ತಿದ್ದಾಗ, ಈ ಮನುಷ್ಯ ರಾತ್ರಿ ಎರಡು ಗಂಟೆಗೆ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಕಂಬ ಹತ್ತಿದ್ದನ್ನು ನಾನು ಕಿಟಕಿಯಿಂದ ನೋಡಿದ್ದೆ. ಅದನ್ನು ಯಾರೂ ಹೇಳಲಿಲ್ಲ. ನಾನೂ ಎದ್ದು ಹೇಳಲಿಲ್ಲ ಅನ್ನಿ, ಉಪ್ಪಿಟ್ಟಿನ ಕಡೆ ಗಮನ ಇತ್ತು.

ನನಗೆ ಸನ್ಮಾನದ ಬಗ್ಗೆ ತಕರಾರಿಲ್ಲ. ಒಳ್ಳೆಯವರನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ ಇವರು ಒಳ್ಳೆಯವರು ಅನ್ನಲೇಬೇಕು. ಆದರೆ ಏನು ಮಾಡಿದರು ಅಂತ ಹೇಳದೆ ಶಾಲು ಹೊದಿಸಿದರೆ ಏನು ಬಂತು?

ಹರೇಕಳ ಹಾಜಬ್ಬ ಅವರನ್ನೇ ನೋಡಿ. ಮಂಗಳೂರಿನಲ್ಲಿ ಬುಟ್ಟಿ ಹಿಡಿದು ಕಿತ್ತಳೆ ಮಾರುತ್ತಿದ್ದವರು. ವಿದೇಶಿಯರು ಬಂದು ಇಂಗ್ಲಿಷಿನಲ್ಲಿ ರೇಟು ಕೇಳಿದಾಗ ಉತ್ತರ ಹೇಳಲಾಗದೆ ನಾಚಿಕೆ ಆಯಿತು, ನಮ್ಮೂರಿನ ಮಕ್ಕಳಿಗೆ ಹೀಗಾಗಬಾರದು ಅಂತ ನ್ಯೂಪಡ್ಪುವಿನಲ್ಲಿ ಶಾಲೆ ಮಾಡಿಸಿದರು. ಇದನ್ನು ಐದು ವರ್ಷದ ಮಗುವಿಗೂ ಹೇಳಬಹುದು. 2020ರ ಜನವರಿಯಲ್ಲಿ ಪದ್ಮಶ್ರೀ ಸುದ್ದಿ ಬಂದಾಗ ಅವರು ರೇಷನ್ ಅಂಗಡಿ ಕ್ಯೂನಲ್ಲಿ ನಿಂತಿದ್ದರು. ಮುಂದಿನ ವರ್ಷ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಅವರೂ ಗಿಡ ನೆಟ್ಟು ಬೆಳೆಸಿದ ಅಂಕೋಲಾ ಕಡೆಯ ತುಳಸಿ ಗೌಡರೂ ಬರಿಗಾಲಲ್ಲಿ ನಡೆದು ಹೋಗಿ ಪ್ರಶಸ್ತಿ ತಗೊಂಡರು. ಆ ಫೋಟೋಗಳನ್ನು ಯಾರೂ ಮರೆತಿಲ್ಲ, ಯಾಕೆಂದರೆ ಅವರ ಹಿಂದೆ ಶಾಲೆ ಕಾಣುತ್ತೆ, ಕಾಡು ಕಾಣುತ್ತೆ. (ಅಂದ ಹಾಗೆ ಪದ್ಮಶ್ರೀ ಬಿರುದಲ್ಲ, ಹೆಸರಿನ ಹಿಂದೆಮುಂದೆ ಹಾಕಿಕೊಳ್ಳುವ ಹಾಗಿಲ್ಲ ಅಂತ 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಆಹ್ವಾನ ಪತ್ರಿಕೆ ಅಚ್ಚು ಹಾಕುವವರಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ.)

ಇನ್ನೊಬ್ಬರು ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕಾಮೇಗೌಡರು. ಕುರಿ ಕಾಯುತ್ತಾ ಬೆಟ್ಟದ ಮೇಲೆ ಪ್ರಾಣಿ ಪಕ್ಷಿಗಳಿಗೆ ಅಂತ ನೀರಿನ ಕಟ್ಟೆ ತೋಡಿದವರು. ಪ್ರಶಸ್ತಿ ದುಡ್ಡು ಬಂದರೂ ಕಟ್ಟೆಗೇ ಹಾಕುತ್ತಿದ್ದರು. 2020ರಲ್ಲಿ ಪ್ರಧಾನಿ ರೇಡಿಯೋದಲ್ಲಿ ಅವರ ಹೆಸರು ಹೇಳಿದ ಮೇಲೆ ಕೆಎಸ್‌ಆರ್‌ಟಿಸಿ ಅವರಿಗೆ ಜೀವನಪೂರ್ತಿ ಉಚಿತ ಬಸ್ ಪಾಸ್ ಕೊಟ್ಟಿತು. ನನ್ನ ಪ್ರಕಾರ ಇದು ಸನ್ಮಾನ. ಕುರಿ ಕಾಯುವ ವಯಸ್ಸಾದ ಮನುಷ್ಯನಿಗೆ ಶಾಲು ಯಾಕೆ, ಬಸ್ಸು ಬೇಕು. 2022ರಲ್ಲಿ ತೀರಿಕೊಂಡರು.

ಆದರೆ ಇವರ್‍ಯಾರೂ ಸರ್ಕಾರಿ ನೌಕರರಲ್ಲ ಅಲ್ವಾ. ಶಾಲೆ, ಮರ, ಕಟ್ಟೆ, ಎಲ್ಲ ಕಣ್ಣಿಗೆ ಕಾಣುತ್ತೆ. ಪ್ರಾಮಾಣಿಕ ನೌಕರನ ಕೆಲಸ ಕಾಣುವುದೇ ಇಲ್ಲ. ಅವನು ತಗೊಳ್ಳದ ದುಡ್ಡಿನ ಫೋಟೋ ತೆಗೆಯುವುದು ಹೇಗೆ? ಟೇಬಲ್ ಮೇಲೆ ಮೂರು ತಿಂಗಳು ಕೊಳೆಯದೆ ಮೂರೇ ದಿನಕ್ಕೆ ಮುಂದೆ ಹೋದ ಫೈಲಿಗೆ ಹಾರ ಹಾಕಲಾಗುತ್ತಾ? 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಗಣಿ ವರದಿ ಕೊಟ್ಟಾಗ ಅವರ ಹೆಸರು ಮನೆಮಾತಾಯಿತು, ಆಗಲೇಬೇಕಿತ್ತು. ಆದರೆ ಆ ವರದಿಗಾಗಿ ಬಳ್ಳಾರಿ ಕಡೆ ಅಲೆದು, ಲಾರಿ ಪರ್ಮಿಟ್ಟು, ಅದಿರಿನ ಟನ್ನು ಅಂತ ಒಂದೊಂದನ್ನೇ ಹೆಕ್ಕಿ ತೆಗೆದ ಅರಣ್ಯ ಅಧಿಕಾರಿ ಯು.ವಿ. ಸಿಂಗ್ ಮತ್ತು ಅವರ ತಂಡ ಎಷ್ಟು ಜನರಿಗೆ ನೆನಪಿದೆ?

ಕಾಣುವುದು ಯಾವಾಗ ಅಂದರೆ, ಹೋದ ಮೇಲೆ. ಕೆಜಿಎಫ್‌ನ ಹುಡುಗ ಮಂಜುನಾಥ್ ಷಣ್ಮುಗಂ ಮೈಸೂರಿನಲ್ಲಿ ಎಂಜಿನಿಯರಿಂಗ್, ಲಖನೌ ಐಐಎಂನಲ್ಲಿ ಎಂಬಿಎ ಓದಿ ಇಂಡಿಯನ್ ಆಯಿಲ್‌ನಲ್ಲಿ ಸೇಲ್ಸ್ ಆಫೀಸರ್ ಆಗಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ತೈಲ ಮಾರುತ್ತಿದ್ದ ಪೆಟ್ರೋಲ್ ಬಂಕಿನ ಮೇಲೆ ಕ್ರಮ ತಗೊಂಡರು ಅಂತ 2005ರ ನವೆಂಬರ್ 19ರಂದು ಗುಂಡಿಟ್ಟು ಕೊಂದರು. 27 ವರ್ಷ. ಆಮೇಲೆ ಅವರ ಹೆಸರಲ್ಲಿ ಟ್ರಸ್ಟ್ ಆಯಿತು, ಪ್ರಶಸ್ತಿ ಆಯಿತು. ಆ ಬಂಕಿನ ಮುಂದೆ ಒಬ್ಬರೇ ನಿಂತಿದ್ದ ದಿನ ಅವರನ್ನು ಬಲ್ಲವರು ಎಷ್ಟು ಜನ ಇದ್ದರು?

ನೇಪಾಳದಲ್ಲಿ ಇದಕ್ಕೊಂದು ದಾರಿ ಹುಡುಕಿದ್ದರು. 2014ರಲ್ಲಿ ‘ಇಂಟೆಗ್ರಿಟಿ ಐಡಲ್’ ಅಂತ ಶುರುಮಾಡಿದರು, ಹಾಡಿನ ಸ್ಪರ್ಧೆ ಇದ್ದ ಹಾಗೆ. ಜನ ತಮಗೆ ಗೊತ್ತಿರುವ ಪ್ರಾಮಾಣಿಕ ನೌಕರರ ಹೆಸರು ಕಳಿಸಬೇಕು, ಆಯ್ಕೆ ಆದವರ ಕೆಲಸವನ್ನು ವಿಡಿಯೋ ಮಾಡಿ ಟಿವಿಯಲ್ಲಿ ತೋರಿಸುತ್ತಾರೆ, ಜನ ಎಸ್‌ಎಂಎಸ್ ವೋಟು ಹಾಕುತ್ತಾರೆ. ಮೊದಲ ವರ್ಷ ಗೆದ್ದವರು ಜಿಲ್ಲಾ ಶಿಕ್ಷಣಾಧಿಕಾರಿ ಜ್ಞಾನಮಣಿ ನೇಪಾಳ್. ಆಮೇಲೆ ಲೈಬೀರಿಯಾ, ಪಾಕಿಸ್ತಾನ, ನೈಜೀರಿಯಾ ತನಕ ಹೋಯಿತು. ವೋಟಿಂಗ್ ವಿಷಯದಲ್ಲಿ ನನಗೆ ಅಷ್ಟು ನಂಬಿಕೆ ಇಲ್ಲ. ಆದರೆ ಶಾಲು ಬಿಟ್ಟು ಕೆಲಸ ತೋರಿಸಿದರಲ್ಲ, ಅದು ಹಿಡಿಸಿತು.

ಈಗ ನಮ್ಮ ಮನೆ ಕಥೆಗೆ ಬರುತ್ತೇನೆ.

ತಾತ ಹೋದ ಮೇಲೆ ಎರಡು ಎಕರೆ ಹತ್ತು ಗುಂಟೆ ಖುಷ್ಕಿ ಜಮೀನಿನ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ, ಆಗಬೇಕಿತ್ತು. ಅಪ್ಪ ಒಂದು ವರ್ಷ ಅಲೆದರು. ಒಬ್ಬರು “ಮೇಲಿನವರಿಗೂ ಕೊಡಬೇಕಲ್ಲ, ಎಂಟು ಸಾವಿರ ಆಗುತ್ತೆ” ಅಂದಿದ್ದರು. ಅಷ್ಟರಲ್ಲಿ ಹೊಸ ವಿಎ ಬಂದರು. ಈಗ ಗ್ರಾಮ ಆಡಳಿತ ಅಧಿಕಾರಿ ಅನ್ನಬೇಕು, ನಮ್ಮಪ್ಪ ಇನ್ನೂ ಶಾನುಭೋಗ್ರು ಅಂತಾರೆ. ಹಳೇ ಟಿವಿಎಸ್ ಎಕ್ಸೆಲ್‌ನಲ್ಲಿ ಮನೆಗೇ ಬಂದು ಜಗಲಿ ಮೇಲೆ ಕೂತು ಕಾಗದ ಎಲ್ಲ ನೋಡಿದರು. ಅಪ್ಪ ಕಾಫಿ ಲೋಟದ ಜೊತೆ ಮಡಚಿದ ನೋಟುಗಳನ್ನೂ ಇಟ್ಟರು. ಅವರು ಕಾಫಿ ಕುಡಿದು, ನೋಟನ್ನು ಲೋಟದೊಳಗೆ ಹಾಕಿ ವಾಪಸ್ ಕೊಟ್ಟರು. ತಳದಲ್ಲಿ ಉಳಿದಿದ್ದ ಕಾಫಿಯಲ್ಲಿ ನೋಟು ನೆನೆದು ಅಮ್ಮ ಅದನ್ನು ತೊಳೆದು ಒಣಗಿಸಬೇಕಾಯಿತು. ಒಂದು ಮಾತೂ ಆಡಲಿಲ್ಲ ಪುಣ್ಯಾತ್ಮ.

ಅಪ್ಪನಿಗೆ ಭಾರಿ ಖುಷಿ, ದೇವರಂಥ ಮನುಷ್ಯ ಅಂತ. ಆ ಖುಷಿ ಐದು ನಿಮಿಷ ಇತ್ತು. ವಂಶವೃಕ್ಷ ಓದುತ್ತಾ ಅವರು ಪಕ್ಕದ ಮನೆಯವರನ್ನು ಸುಮ್ನೆ ಮಾತಿಗೆ ಎಳೆದರು, ಆಮೇಲೆ ಅಪ್ಪನ ಕಡೆ ತಿರುಗಿ, “ನಿಮ್ಮ ಅಕ್ಕನ ಹೆಸರು ಬಿಟ್ಟುಹೋಗಿದೆಯಲ್ಲ ಯಜಮಾನ್ರೇ?” ಅಂದರು.

ಬಿಟ್ಟುಹೋಗಿರಲಿಲ್ಲ, ಬಿಟ್ಟಿದ್ದರು. ನಲವತ್ತು ವರ್ಷದ ಹಿಂದೆ ಮದುವೆ ಮಾಡಿಕೊಟ್ಟ ಅತ್ತೆ, ಅವರಿಗೇನು ಕಮ್ಮಿ ಆಗಿದೆ, ಎಲ್ಲರ ಮನೆಯಲ್ಲೂ ಹೀಗೇ ಮಾಡೋದು ಅಂತ ಅಪ್ಪ ಏನೇನೋ ಹೇಳಿದರು. ಆ ಮನುಷ್ಯ ಪೆನ್ನಿನ ಕ್ಯಾಪ್ ಮುಚ್ಚಿ ಜೇಬಿಗಿಟ್ಟುಕೊಂಡು, “ಹೆಸರು ಸೇರಿಸಿ ಕೊಡಿ, ಬೇಕಾದರೆ ಅವರೇ ಬಂದು ಬಿಟ್ಟುಕೊಡ್ತೀನಿ ಅನ್ನಲಿ” ಅಂತ ಎದ್ದು ಹೋದರು. ಅಪ್ಪ ಎರಡು ದಿನ ಬೈದರು. ಎಂಟು ಸಾವಿರ ಕೊಟ್ಟಿದ್ದರೇ ಚೆನ್ನಾಗಿತ್ತು ಅಂತಲೂ ಅಂದರು! ಕೊನೆಗೆ ಹೆಸರು ಸೇರಿತು, ನೋಟಿಸ್ ಹಚ್ಚಿ ತಕರಾರಿಗೆ ಅಂತ 30 ದಿನ ಕಾದದ್ದೂ ಆಯಿತು, ಜಂಟಿ ಖಾತೆ ಆಗಿ ಪಹಣಿಯಲ್ಲಿ ಅತ್ತೆಯ ಹೆಸರೂ ಬಂತು. ಅತ್ತೆ ಬಿಟ್ಟುಕೊಡ್ತೀನಿ ಅನ್ನಲಿಲ್ಲ. ಯಾಕನ್ನಬೇಕು?

ನಾವೆಲ್ಲ ಪ್ರಾಮಾಣಿಕರು ಬೇಕು ಅಂತ ಕೂಗುತ್ತೇವಲ್ಲ, ನಮಗೆ ಬೇಕಾಗಿರುವುದು ದುಡ್ಡು ತಗೊಳ್ಳದೆ ನಮ್ಮ ಕೆಲಸ ಮಾಡಿಕೊಡುವವರು. ದುಡ್ಡೂ ತಗೊಳ್ಳದೆ ನಮ್ಮ ಮೋಸಕ್ಕೂ ಅಡ್ಡ ನಿಲ್ಲುವವರಿಗೆ ಶಾಲು ಹಿಡಿದುಕೊಂಡು ಯಾರೂ ಹೋಗಲ್ಲ. ಅವರಿಗೆ ಸಿಗೋದು ವರ್ಗಾವಣೆ, ಇಲ್ಲ ‘ಸ್ವಲ್ಪ ರೂಲ್ಸ್ ಜಾಸ್ತಿ’ ಅನ್ನೋ ಹೆಸರು.

ಹಾಗಾಗಿ ಆ ಸಮಾರಂಭ ನೋಡಿ ಬಂದ ಮರುದಿನವೇ ವಿಎಗೆ ಫೋನ್ ಮಾಡಿ, ಸಾರ್, ನಿಮಗೊಂದು ಸಣ್ಣ ಸನ್ಮಾನ ಇಟ್ಟುಕೊಳ್ಳೋಣ ಅಂತ ಇದ್ದೇವೆ ಅಂದೆ. ಅವರು ಗಾಬರಿಯಾದರು. “ಬೇಡ ಸಾರ್, ನಾನೊಬ್ಬನೇ ಸಾಚಾ ಅಂತ ಬೋರ್ಡ್ ಹಾಕಿದ ಹಾಗಾಗುತ್ತೆ, ನಾಳೆ ಅದೇ ಆಫೀಸಲ್ಲಿ ಕೂರಬೇಕಲ್ಲ ನಾನು” ಅಂದರು. ರೂಲ್ಸ್ ಪ್ರಕಾರವೂ ಆಗಲ್ಲ ಅಂದರು. ಹುಡುಕಿ ನೋಡಿದೆ, ಹೌದು. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ 14ನೆಯದು ಇದೇ: ಸರ್ಕಾರದ ಅನುಮತಿ ಇಲ್ಲದೆ ನೌಕರ ತನ್ನ ಗೌರವಾರ್ಥ ನಡೆಯುವ ಸಭೆಗೆ ಹೋಗುವ ಹಾಗಿಲ್ಲ, ಅಭಿನಂದನಾ ಪತ್ರ ತಗೊಳ್ಳುವ ಹಾಗಿಲ್ಲ. ರಿಟೈರ್ ಆದಾಗಲೋ ವರ್ಗ ಆದಾಗಲೋ ಮನೆಮಟ್ಟಿಗೆ ಬೀಳ್ಕೊಡುಗೆ ಮಾಡಬಹುದು, ಅಷ್ಟೆ. ನಮ್ಮ ರಾಜ್ಯದವರಿಗೂ ಇಂಥದ್ದೇ ಕಟ್ಟುಪಾಡಿದೆ. ಮೊದಲು ಸಿಟ್ಟು ಬಂತು. ಆಮೇಲೆ ಯೋಚನೆ ಮಾಡಿದರೆ ಸರಿಯಾಗೇ ಇದೆ. ಇವತ್ತು ಬೆಳ್ಳಿ ತಟ್ಟೆ ಕೊಟ್ಟು ಸನ್ಮಾನ ಮಾಡಿದವನು ನಾಳೆ ಲೇಔಟ್ ಫೈಲ್ ಹಿಡಿದುಕೊಂಡು ಬರುತ್ತಾನೆ. ಸನ್ಮಾನವೂ ಒಂದು ಥರ ಲೋಟದ ಪಕ್ಕದ ನೋಟೇ.

ಹಾಗಾದರೆ ಮಾಡೋದೇನು? ಕೆಲಸ ತಡ ಆದರೆ ಸಕಾಲ ಕಾಯ್ದೆಯಲ್ಲಿ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಸರಿಯಾಗಿ ಮಾಡಿದರೆ ಹೇಳೋದಕ್ಕೆ ಒಂದು ಫಾರಂ ಕೂಡ ನನ್ನ ಕಣ್ಣಿಗೆ ಬಿದ್ದಿಲ್ಲ. ಕೊನೆಗೆ ತಹಶೀಲ್ದಾರರಿಗೆ ಒಂದು ಪತ್ರ ಬರೆದೆ. ಸಜ್ಜನಿಕೆ, ಸಾಕಾರಮೂರ್ತಿ ಏನೂ ಹಾಕಲಿಲ್ಲ. ಸರ್ವೆ ನಂಬರ್, ಅರ್ಜಿ ಕೊಟ್ಟ ತಾರೀಕು, ಖಾತೆ ಆದ ತಾರೀಕು, ಒಂದು ಪೈಸೆ ತಗೊಳ್ಳಲಿಲ್ಲ ಅನ್ನೋದು, ವಂಶವೃಕ್ಷದಲ್ಲಿ ನಾವು ಹೆಸರು ಬಿಟ್ಟಿದ್ದನ್ನು ಅವರು ಹಿಡಿದದ್ದು, ಎಲ್ಲ ಒಂದೇ ಪುಟದಲ್ಲಿ. ಅಪ್ಪನ ಸಹಿಯೂ ಬೇಕಿತ್ತು. ಅವರು ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, “ನನ್ನ ಮಾನ ನೀನೇ ಹರಾಜು ಹಾಕು” ಅಂದರು. ಸಹಿ ಮಾಡಿದರು. ಅತ್ತೆಯೂ ಮಾಡಿದರು.

ಎರಡು ವಾರ ಸುದ್ದಿ ಇಲ್ಲ. ಮೊನ್ನೆ ವಿಎ ಫೋನ್ ಮಾಡಿದರು. “ಏನ್ ಸಾರ್ ಬರೆದಿದ್ದೀರಿ? ವಂಶವೃಕ್ಷದಲ್ಲಿ ಹೆಸರು ಬಿಟ್ಟಿರೋ ಬಗ್ಗೆ ನನ್ನ ಮೇಲೆ ದೂರು ಬಂದಿದೆ, ಏಳು ದಿನದಲ್ಲಿ ವಿವರಣೆ ಕೊಡಿ ಅಂತ ನೋಟಿಸ್ ಬಂದಿದೆ!”

ಆಫೀಸಿಗೆ ಹೋಗಿ ವಿಚಾರಿಸಿದೆ. ಟಪಾಲು ನೋಡುವ ಹುಡುಗನದೇನೂ ತಪ್ಪಿಲ್ಲ. ಸಾರ್ವಜನಿಕರಿಂದ ನೌಕರನ ಹೆಸರು ಬರೆದು ಒಂದು ಪತ್ರ ಬಂದರೆ ಅದು ದೂರೇ, ಇನ್ನೇನಿರಲು ಸಾಧ್ಯ? ದೂರು ರಿಜಿಸ್ಟರಿನಲ್ಲಿ ನಂಬರ್ ಹಾಕಿ ಕಳಿಸಿದ್ದಾನೆ. ಮತ್ತ್ಯಾವ ರಿಜಿಸ್ಟರಿನಲ್ಲಿ ಹಾಕಬೇಕಿತ್ತಪ್ಪ ಅಂತ ಕೇಳಿದರೆ ಅವನೂ ತಲೆ ಕೆರೆದುಕೊಂಡ, ನಾನೂ.

ಅಲ್ಲೇ ಹೊರಗಿನ ಜೆರಾಕ್ಸ್ ಅಂಗಡಿಯಲ್ಲಿ ಕೂತು ಇನ್ನೊಂದು ಪತ್ರ ಬರೆದೆ. ಮೇಲೆ ದಪ್ಪ ಅಕ್ಷರದಲ್ಲಿ ‘ಇದು ದೂರಲ್ಲ’ ಅಂತ ಹಾಕಿ ಕೆಳಗೆ ಎರಡು ಗೆರೆ ಎಳೆದೆ. ಒಂದು ಕಾಪಿಯನ್ನು ವಿಎ ಕೈಗೇ ಕೊಟ್ಟೆ, ನೋಟಿಸಿಗೆ ಉತ್ತರದ ಜೊತೆ ಲಗತ್ತಿಸಲಿ ಅಂತ. ಅವರು ಅದನ್ನು ಓದಿ, ಮಡಚಿ, ಎಕ್ಸೆಲ್ಲಿನ ಬ್ಯಾಗಿಗೆ ಹಾಕಿಕೊಂಡು, ಗಾಡಿ ಸ್ಟಾರ್ಟ್ ಮಾಡುತ್ತಾ ಅಂದರು, “ಇದರ ಬದಲು ಆ ಸನ್ಮಾನದ ಶಾಲೇ ವಾಸಿ ಇತ್ತು ಸಾರ್.”